ಲೆಕ್ಕ ಯಂತ್ರದ್ದು, ಆಯ್ಕೆ ಆಟಗಾರನದು

ಒಂದು ಗುಂಡಿ ಒತ್ತಿದರೆ ಸಾಕು, ಹೆಸರು, ಕುಲ, ಕಸುಬು, ಅಂಕಗಳು, ಆಯುಧಗಳೆಲ್ಲ ತುಂಬಿದ ಪಾತ್ರದ ಹಾಳೆ ಸಿದ್ಧವಾಗಿ ಬರುವಂತಹ ಕ್ಯಾರೆಕ್ಟರ್ ಜನರೇಟರುಗಳು ಇಂದು ಬೇಕಾದಷ್ಟಿವೆ. ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಹಾಕುತ್ತ ಕಥೆ ಕಟ್ಟುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ನಡೆಸುವ ಗೇಮ್ ಮಾಸ್ಟರಿಗೆ ಕಥೆಯ ನಡುವೆ ಒಬ್ಬ ಕಾವಲುಗಾರನೋ ಛತ್ರದ ಯಜಮಾನನೋ ತಟ್ಟನೆ ಬೇಕಾದಾಗ ಅವು ನಿಜಕ್ಕೂ ಉಪಕಾರಿ. ಆದರೆ ತಿಂಗಳುಗಟ್ಟಲೆ ಒಂದೇ ಪಾತ್ರವನ್ನು ಆಡಬೇಕಾದ ಆಟಗಾರನ ಕೈಗೆ ಇಂತಹ ಸಿದ್ಧ ಹಾಳೆಯನ್ನು ಇಡುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ನಮ್ಮ ಗುಂಪಿಗಾಗಿ ಇಂಥದ್ದೊಂದು ಜನರೇಟರನ್ನು ಕಟ್ಟುತ್ತಾ ಹೋದಂತೆ ಈ ಅಭಿಪ್ರಾಯ ಗಟ್ಟಿಯಾಗಿದೆ. ಕೂಡುವ, ಕಳೆಯುವ, ಪಟ್ಟಿ ಹುಡುಕುವ ಕೆಲಸವನ್ನೆಲ್ಲ ಯಂತ್ರ ಮಾಡಲಿ. ಆಯ್ಕೆಯನ್ನು ಮಾತ್ರ ಅದು ಆಟಗಾರನಿಂದ ಕಸಿದುಕೊಳ್ಳಬಾರದು.

ಲೆಕ್ಕದ ವಿಷಯದಲ್ಲಿ ಯಂತ್ರದ ನೆರವು ಎಷ್ಟು ಅಗತ್ಯವೆಂಬುದು 2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಇಂತಹ ಆಟದ ಐದನೆಯ ಆವೃತ್ತಿಯನ್ನು ಆಡಿದವರಿಗೆ ಗೊತ್ತಿದೆ. ಶಕ್ತಿ, ಚುರುಕು, ಬುದ್ಧಿ ಮೊದಲಾದ ಆರು ಗುಣಗಳ ಅಂಕದಿಂದ 10 ಕಳೆದು, ಅರ್ಧ ಮಾಡಿ, ಕೆಳಗಿನ ಪೂರ್ಣಾಂಕಕ್ಕೆ ಇಳಿಸಿದರೆ ಆ ಗುಣದ ಮಾಡಿಫೈಯರ್, ಅಂದರೆ ದಾಳದ ಗರಕ್ಕೆ ಸೇರಿಸುವ ಅಂಕ, ಸಿಗುತ್ತದೆ. ಇಷ್ಟು ಸರಳವಾದ ಸೂತ್ರದಲ್ಲಿಯೂ 9 ಅಂಕಕ್ಕೆ −1 ಬರಬೇಕಾದ ಕಡೆ, ದಶಮಾಂಶವನ್ನು ಸುಮ್ಮನೆ ಕತ್ತರಿಸುವ ಕೋಡ್ 0 ಕೊಟ್ಟುಬಿಡುತ್ತದೆ. ಪೆಟ್ಟು ತಗುಲಬೇಕಾದರೆ ಎದುರಾಳಿಯ ಗರ ಮುಟ್ಟಬೇಕಾದ ಅಂಕವಾದ ಆರ್ಮರ್ ಕ್ಲಾಸ್ ಇನ್ನೂ ತೊಡಕಿನದು. ಸ್ಕೇಲ್ ಮೇಲ್ ಎಂಬ ಕವಚ ತೊಟ್ಟವನಿಗೆ 14ರ ಜೊತೆ ಚುರುಕಿನ ಮಾಡಿಫೈಯರ್ ಸೇರುತ್ತದೆ, ಆದರೆ 2ಕ್ಕಿಂತ ಹೆಚ್ಚು ಸೇರುವಂತಿಲ್ಲ. ಚೈನ್ ಮೇಲ್‌ಗೆ ಅದು ಸೇರುವುದೇ ಇಲ್ಲ. ಕವಚವಿಲ್ಲದ ಬಾರ್ಬೇರಿಯನ್ ಎಂಬ ಯೋಧನ ಪಾತ್ರಕ್ಕೆ ದೇಹದಾರ್ಢ್ಯದ ಮಾಡಿಫೈಯರೂ ಸೇರುತ್ತದೆ. ಆದ್ದರಿಂದ ಹಾಳೆಯ ಮೇಲೆ ಬರಿಯ 18 ಎಂದು ಮೂಡಿದರೆ ಹೊಸ ಆಟಗಾರನಿಗೆ ಏನೂ ತಿಳಿದಂತಾಗುವುದಿಲ್ಲ. ಆ ಅಂಕಿಯನ್ನು ಮುಟ್ಟಿದೊಡನೆ "ಸ್ಕೇಲ್ ಮೇಲ್ 14, ಚುರುಕಿನ +3ರಲ್ಲಿ ಸಲ್ಲುವುದು 2, ಗುರಾಣಿ 2" ಎಂಬ ಸಾಲು ತೆರೆದುಕೊಳ್ಳಬೇಕು. ಆಗ ಮಾತ್ರ ಅವನು ಗುರಾಣಿ ಬಿಟ್ಟು ಎರಡು ಕೈಗಳ ಕತ್ತಿ ಹಿಡಿಯಬೇಕೇ ಎಂಬುದನ್ನು ತಾನೇ ತೂಗಿ ನೋಡಬಲ್ಲ.

ದಾಳದ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಬ್ರೌಸರಿನಿಂದ ಒಂದು ಯಾದೃಚ್ಛಿಕ ಬೈಟ್, ಅಂದರೆ 0ಯಿಂದ 255ರೊಳಗಿನ ಒಂದು ಸಂಖ್ಯೆ ಪಡೆದು, ಅದನ್ನು 6ರಿಂದ ಭಾಗಿಸಿ, ಬಂದ ಶೇಷಕ್ಕೆ ಒಂದು ಕೂಡಿಸಿ ಗರವೆಂದು ತೋರಿಸುವುದು ಸುಲಭದ ದಾರಿ. ಆದರೆ 256 ಎಂಬುದು 6ರಿಂದ ಸರಿಯಾಗಿ ಭಾಗವಾಗದ ಕಾರಣ, 1ರಿಂದ 4ರವರೆಗಿನ ಮುಖಗಳಿಗೆ ತಲಾ 43 ಅವಕಾಶಗಳೂ 5 ಮತ್ತು 6ಕ್ಕೆ ತಲಾ 42 ಅವಕಾಶಗಳೂ ದೊರೆಯುತ್ತವೆ. 252 ಅಥವಾ ಅದಕ್ಕಿಂತ ಹೆಚ್ಚಿನ ಸಂಖ್ಯೆ ಬಂದಾಗ ಅದನ್ನು ಬಿಟ್ಟು ಮತ್ತೊಂದನ್ನು ಕೇಳಿದರೆ ಈ ದೋಷ ಇರುವುದಿಲ್ಲ. ಮೇಜಿನ ಮೇಲೆ ಎಲ್ಲರ ಕಣ್ಣೆದುರು ಉರುಳುತ್ತಿದ್ದ ದಾಳವನ್ನು ತೆರೆಯ ಹಿಂದಕ್ಕೆ ಒಯ್ದವರು ಇಷ್ಟು ಎಚ್ಚರ ವಹಿಸುವುದು ನ್ಯಾಯ.

ನಿಯಮಗಳ ಪಠ್ಯವನ್ನು ಬಳಸುವ ಹಕ್ಕಿನ ಪ್ರಶ್ನೆಯೂ ಇದೆ. 2023ರ ಜನವರಿಯಲ್ಲಿ ಈ ಹಕ್ಕು ಕೊಡುವ ಪರವಾನಗಿಯನ್ನು ಬಿಗಿಗೊಳಿಸುವ ಪ್ರಯತ್ನಕ್ಕೆ ಆಟಗಾರರು ದೊಡ್ಡ ಪ್ರಮಾಣದಲ್ಲಿ ಪ್ರತಿಭಟಿಸಿದ ನಂತರ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸುವ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ಮೂಲ ನಿಯಮಗಳ ದಾಖಲೆಯಾದ ಎಸ್ಆರ್‌ಡಿ 5.1ನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಬಳಸಬಹುದು. ಆದರೆ ಅದರಲ್ಲಿ ಹನ್ನೆರಡು ಕ್ಲಾಸುಗಳಿಗೆ, ಅಂದರೆ ಕಸುಬುಗಳಿಗೆ, ತಲಾ ಒಂದೇ ಉಪವರ್ಗವಿದೆ, ಬ್ಯಾಕ್‌ಗ್ರೌಂಡ್ (ಪಾತ್ರದ ಹಿನ್ನೆಲೆ) ಇರುವುದು ಒಂದೇ. ಹಾಗಾಗಿ ನಿಯಮಗಳನ್ನು ಕೋಡಿನೊಳಗೆ ಹುದುಗಿಸದೆ ಪ್ರತ್ಯೇಕ ಡೇಟಾ ಫೈಲಿನಲ್ಲಿಟ್ಟು, ಗುಂಪುಗಳು ತಮ್ಮ ಸ್ವಂತ ಕಲ್ಪನೆಯ ಹಿನ್ನೆಲೆಗಳನ್ನು ಸೇರಿಸಿಕೊಳ್ಳಲು ಅನುವು ಮಾಡುವುದು ಒಳ್ಳೆಯದು.

ಆಯ್ಕೆಯ ಬೆಲೆ ಏನೆಂಬುದು ಅತ್ಯಂತ ಸ್ಪಷ್ಟವಾಗಿ ಕಾಣುವುದು 1977ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಮಾರ್ಕ್ ಮಿಲ್ಲರ್ ರೂಪಿಸಿದ ಟ್ರಾವೆಲರ್ ಎಂಬ ಬಾಹ್ಯಾಕಾಶದ ಆಟದಲ್ಲಿ. ಅಲ್ಲಿ ಪಾತ್ರಕ್ಕೆ 18 ವರ್ಷವಾದಾಗ ನೌಕಾಪಡೆ, ಸ್ಕೌಟ್ (ಅನ್ವೇಷಣಾ ಪಡೆ), ವ್ಯಾಪಾರಿ ಹಡಗು ಮುಂತಾದ ಆರು ಸೇವೆಗಳಲ್ಲೊಂದಕ್ಕೆ ಸೇರಬೇಕು. ನಾಲ್ಕು ವರ್ಷಗಳ ಪ್ರತಿ ಅವಧಿಯಲ್ಲಿಯೂ ಬದುಕುಳಿಯಲು ದಾಳ ಹಾಕಬೇಕು. ಗರ ಕೈಕೊಟ್ಟರೆ, ಆಟ ಆರಂಭವಾಗುವ ಮೊದಲೇ ಪಾತ್ರ ಸಾಯುತ್ತದೆ. ಸ್ಕೌಟ್ ಸೇವೆಯಲ್ಲಿ ಎರಡು ದಾಳಗಳ ಮೊತ್ತ 7 ಅಥವಾ ಹೆಚ್ಚು ಬರಬೇಕು, ಅಂದರೆ 36ರಲ್ಲಿ 21 ಅವಕಾಶ. ಸಹನಶಕ್ತಿ 9 ಅಥವಾ ಹೆಚ್ಚಿರುವವನಿಗೆ 2 ಅಂಕಗಳ ರಿಯಾಯಿತಿ ದೊರೆತು ಅದು 30ಕ್ಕೆ ಏರುತ್ತದೆ. ಇನ್ನೊಂದು ಅವಧಿ ದುಡಿದರೆ ಹೊಸ ಕೌಶಲ ಸಿಗುತ್ತದೆ, ಜೊತೆಗೆ ಜೀವದ ಅಪಾಯವೂ ಇರುತ್ತದೆ. ಮುಂದುವರಿಯಲೇ, ಇಲ್ಲಿಗೇ ಬಿಡಲೇ ಎಂದು ಆಟಗಾರ ತೊಳಲಾಡುವ ಆ ಕ್ಷಣದಲ್ಲಿಯೇ ಪಾತ್ರದ ಸ್ವಭಾವ ರೂಪುಗೊಳ್ಳುತ್ತದೆ.

ಸತ್ತ ಪಾತ್ರಗಳನ್ನು ಸದ್ದಿಲ್ಲದೆ ಅಳಿಸಿ, ಬದುಕಿ ಬಂದವನೊಬ್ಬ ಸಿಗುವವರೆಗೂ ಒಳಗೊಳಗೇ ದಾಳ ಹಾಕುತ್ತಿರುವ ಕೋಡನ್ನು ಕೆಲವೇ ಸಾಲುಗಳಲ್ಲಿ ಬರೆಯಬಹುದು. ಹಾಗೆ ಬರೆದ ಕೋಡು ಆ ಕ್ಷಣವನ್ನು ಇಲ್ಲವಾಗಿಸುತ್ತದೆ. ಸಹನಶಕ್ತಿ ಕಡಿಮೆಯಿದ್ದೂ ಬದುಕಿ ಬಂದ ಹಿರಿಯ ಸ್ಕೌಟ್ ಎಷ್ಟು ಅಪರೂಪದವನೆಂಬುದೂ ಆಟಗಾರನಿಗೆ ತಿಳಿಯದೇ ಹೋಗುತ್ತದೆ. ಆದ್ದರಿಂದ ನಮ್ಮ ಜನರೇಟರು ಪ್ರತಿ ಅವಧಿಯ ಕೊನೆಯಲ್ಲಿ ನಿಲ್ಲುತ್ತದೆ. ಬಿದ್ದ ಗರ, ಬೇಕಿದ್ದ ಗರ, ಗಳಿಸಿದ ಕೌಶಲ, ಈಗಿನ ವಯಸ್ಸು ಇಷ್ಟನ್ನೂ ಸಾಲಾಗಿ ತೋರಿಸಿ ಮುಂದಿನ ನಿರ್ಧಾರವನ್ನು ಕೇಳುತ್ತದೆ. ಸಾವಿನ ಬದಲು ಗಾಯವಾಗಿ ನಿವೃತ್ತಿಯಾಗುವ ಮೃದು ನಿಯಮವನ್ನು ಇಷ್ಟಪಡುವ ಗುಂಪುಗಳೂ ಇವೆ, ಅದಕ್ಕೂ ಅವಕಾಶವಿಟ್ಟಿದ್ದೇವೆ. ಆದರೆ ಅದನ್ನು ಮೊದಲ ದಾಳ ಬೀಳುವ ಮುನ್ನವೇ ಆರಿಸಿಕೊಳ್ಳಬೇಕು; ದಾಳ ಬಿದ್ದ ಮೇಲೆ ಆ ಆಯ್ಕೆ ತೆರೆಯ ಮೇಲೆ ಇರುವುದಿಲ್ಲ.