ತಂಬೂರಿಗೆ ಎಂಟೂವರೆ

ಪುಣೆಯ ಕೊಥ್ರೂಡಿನ ನಮ್ಮ ಸೊಸೈಟಿಯಲ್ಲಿ ಯಾರಾದರೂ ಡಬ್ಬಿ ತುಂಬ ಶೇಂಗಾ ಉಂಡೆ ಕೊಟ್ಟರೆ, ಆ ಡಬ್ಬಿಯನ್ನು ಖಾಲಿ ವಾಪಸ್ ಕೊಡುವಂತಿಲ್ಲ. ಏನೂ ಇಲ್ಲವೆಂದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಧಾರವಾಡ ಬಿಟ್ಟು ಮೂವತ್ತು ವರ್ಷವಾದರೂ ನಾವು ಬಿಡದ ಪದ್ಧತಿ ಇದು. ಈಗ ಅದೇ ಪದ್ಧತಿ ಹಾಡಿಗೂ ಬಂದಿದೆ. ನೀವು ಒಂದು ಆಲ್ಬಮ್ ಹೇಳಿದಿರೋ, ನಾನೂ ಒಂದು ಹೇಳಲೇಬೇಕು. ನೀವು ಹೇಳಿದ್ದನ್ನು ನಾನು ಕೇಳಬೇಕು ಅಂತೇನೂ ಇಲ್ಲ. ಉಂಡೆ ತಿಂದೆವೋ ಇರುವೆಗೆ ಹಾಕಿದೆವೋ, ಡಬ್ಬಿ ವಾಪಸ್ ಹೋದರೆ ಸಾಕು ಅಲ್ವಾ, ಹಾಗೆ.

ಮದುವೆ ಮನೆಯ ಮುಯ್ಯಿ ಪುಸ್ತಕ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಯಾರು ಎಷ್ಟು ಹಾಕಿದರು, ಅವರ ಮನೆಯ ಮದುವೆಗೆ ನಾವೆಷ್ಟು ಹಾಕಬೇಕು, ಎಲ್ಲದಕ್ಕೂ ಲೆಕ್ಕ. ನಮ್ಮಲ್ಲಿ ಪುಸ್ತಕದ ಬದಲು ಎಕ್ಸೆಲ್ ಶೀಟ್ ಇದೆ. ಹಿಂಜವಡಿಯ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗನೊಬ್ಬ ಅದನ್ನು ಇಟ್ಟಿದ್ದಾನೆ. ಯಾರು ಯಾರಿಗೆ ಯಾವ ಆಲ್ಬಮ್ ಹೇಳಿದರು, ಅದಕ್ಕೆ ಹತ್ತಕ್ಕೆ ಎಷ್ಟು ಬಂತು ಅಂತ ಎಲ್ಲ ಅದರಲ್ಲಿದೆ. ಕೇಳಿದರೋ ಇಲ್ಲವೋ ಅನ್ನುವುದಕ್ಕೆ ಮಾತ್ರ ಕಾಲಂ ಇಲ್ಲ. ಒಮ್ಮೆ ಕೇಳಿದ್ದೆ. 'ಅದೆಲ್ಲ ನಂಬಿಕೆ ಮ್ಯಾಲೆ ರೀ ಸರ್' ಅಂದ.

ತಿಂಗಳಿಗೊಂದು ಭಾನುವಾರ ಸಂಜೆ ನಾವು ಸೇರುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದ ಗದಗಿನ ಕಾಕಾ ಒಬ್ಬರಿದ್ದಾರೆ, ಅವರ ಮನೆಯಲ್ಲಿ. ಹೆಸರು 'ಕೇಳುಗರ ಕೂಟ'. ಸುಮ್ನೆ ಕುತೂಹಲಕ್ಕೆ ಅಂತ ಒಂದು ಭಾನುವಾರ ನಾನು ಗಡಿಯಾರ ನೋಡಿಕೊಂಡು ಕೂತೆ. ಮೂರು ತಾಸಿನ ಕೂಟದಲ್ಲಿ ಹಾಡು ಬಂದದ್ದು ಹನ್ನೊಂದು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಕೆಳಗಿನ ರಸ್ತೆಯಲ್ಲಿ ಹೋದ ಮೆರವಣಿಗೆಯ ಢೋಲ್ ತಾಶಾ. ಅದಕ್ಕೂ ಯಾರೋ ಏಳೂವರೆ ಕೊಟ್ಟರು.

ಅಂಕದ ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲಿ ಏಳಕ್ಕಿಂತ ಕೆಳಗೆ ಅಂಕ ಇಲ್ಲ. ಏಳು ಕೊಟ್ಟರೆ ಹೇಳಿದವರ ಮನೆತನಕ್ಕೇ ಬೈದ ಹಾಗೆ. ಎಂಟು ಅಂದರೆ ಪರವಾಗಿಲ್ಲ. ಎಂಟೂವರೆ ಅಂದರೆ ನಾನು ಕೇಳಿಲ್ಲ, ಆದರೆ ನಿಮ್ಮ ಮೇಲೆ ಪ್ರೀತಿ ಇದೆ. ಒಂಬತ್ತು ಅಂದರೆ ನಿಮ್ಮಿಂದ ನನಗೆ ಏನೋ ಕೆಲಸ ಆಗಬೇಕಿದೆ. ಪಾಯಿಂಟ್ ಇಲ್ಲದ ಅಂಕಕ್ಕೆ ಬೆಲೆ ಇಲ್ಲ. ಬರೀ 'ಎಂಟು' ಅಂದರೆ ನೀವು ಸರಿಯಾಗಿ ಕೇಳಿಲ್ಲ ಅಂತ ಅರ್ಥ. 8.3 ಅಂದರೆ ಮುಗೀತು, ಯಾರೂ ಮರುಮಾತಾಡುವುದಿಲ್ಲ. ಆ ಮೂರು ಎಲ್ಲಿಂದ ಬಂತು ಅಂತ ಕೇಳುವ ಧೈರ್ಯ ಯಾರಿಗಿದೆ?

ಕೇಳದೇ ವಿಮರ್ಶೆ ಮಾಡುವುದು ಕಷ್ಟ ಅಂದುಕೊಂಡಿದ್ದೆ. ಕಷ್ಟವೇನಲ್ಲ. ನಾಲ್ಕು ಮಾತು ಕಲಿತರೆ ಸಾಕು. 'ಒಂದೇ ಸಲಕ್ಕೆ ಹಿಡಿಯೋದಿಲ್ಲ, ಮೂರನೇ ಸಲಕ್ಕೆ ಹಿಡಿಸ್ತದೆ' ಅನ್ನಬಹುದು. 'ಇವರ ಮೊದಲಿನ ಕೆಲಸದಲ್ಲಿ ಹಸಿವು ಜಾಸ್ತಿ ಇತ್ತು' ಅನ್ನಬಹುದು. ಸೌಂಡ್ 'ವಾರ್ಮ್' ಆಗಿದೆ ಅನ್ನುವುದು ಎಲ್ಲ ಕಾಲಕ್ಕೂ ನಡೆಯುತ್ತದೆ. ಈ ಮಾತನ್ನು ಮೊದಲ ಸಲ ಕೇಳಿದಾಗ ಕಾಕಾ ಎದ್ದು ಹೋಗಿ ಆಂಪ್ಲಿಫೈಯರ್ ಮೇಲೆ ಕೈ ಇಟ್ಟು ನೋಡಿ, 'ಹೌದ್ರಿ, ಬೆಚ್ಚಗದ' ಅಂದಿದ್ದರು. ನಾಲ್ಕನೆಯದು ನನ್ನ ಸ್ವಂತದ್ದು. 'ಎರಡನೇ ಬದಿ ಮೊದಲನೆಯದಕ್ಕಿಂತ ಗಟ್ಟಿ.' ಇದು ಎಂದೂ ಕೈಕೊಟ್ಟಿಲ್ಲ. ಎರಡನೇ ಬದಿಯವರೆಗೆ ಯಾರು ಹೋಗಿರುತ್ತಾರೆ?

ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡ್ ಓಡಿದರೆ ಒಂದು ಸಲ ಕೇಳಿದ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಹುಡುಗ ಇದನ್ನು ಎಲ್ಲಿಂದಲೋ ತಿಳಿದುಕೊಂಡು ಬಂದು ಹೇಳಿದ ದಿನದಿಂದ ಕೂಟಕ್ಕೆ ಹೊಸ ಉಸಿರು ಬಂತು. ಕಂಪನಿಯೇ ಒಪ್ಪಿದ ಮೇಲೆ ನಾವು ಒಪ್ಪದಿದ್ದರೆ ಹೇಗೆ? ಈಗ ಎಲ್ಲರೂ 31 ಸೆಕೆಂಡ್ ಕೇಳುತ್ತಾರೆ. ಆ ಒಂದು ಸೆಕೆಂಡ್ ಕಲೆಗೆ ಗೌರವ. ಸಿನಿಮಾ ಹಾಡಿಗೆ ಇದು ನಡೆದೀತು, ಅಷ್ಟರಲ್ಲಿ ಪಲ್ಲವಿಯಾದರೂ ಬಂದಿರುತ್ತದೆ. ಆದರೆ ನಮ್ಮಲ್ಲಿ ಮುಕ್ಕಾಲು ಪಾಲು ಹಿಂದೂಸ್ತಾನಿ. ಖಯಾಲಿನ ಆಲ್ಬಮ್ಮಿನಲ್ಲಿ ಮೊದಲ 31 ಸೆಕೆಂಡಿಗೆ ಏನು ಬರುತ್ತದೆ? ತಂಬೂರಿ. ಗಾಯಕರು ಗಂಟಲು ಸರಿ ಮಾಡಿಕೊಂಡು ಷಡ್ಜ ಹಚ್ಚುವ ಹೊತ್ತಿಗೆ ನಮ್ಮವರು ಮುಂದಿನ ಆಲ್ಬಮ್ಮಿಗೆ ಹೋಗಿರುತ್ತಾರೆ. ಎರಡು ವರ್ಷದಿಂದ ನಾವು ಅಂಕ ಕೊಡುತ್ತಿರುವುದು ತಂಬೂರಿಗೆ. ಅದಕ್ಕೇ ಅಂಕಗಳೆಲ್ಲ ಎಂಟೂವರೆಯ ಆಚೀಚೆಗೇ ಇವೆ. ತಂಬೂರಿ ಪಾಪ ಯಾರಿಗೆ ಏನು ಮೋಸ ಮಾಡೀತು?

ಡಿಸೆಂಬರ್ ಬಂದರೆ ಸವಾಯಿ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಉತ್ಸವ. ಗುರು ಕುಂದಗೋಳದವರು, ಶಿಷ್ಯ ಗದಗಿನ ಕಡೆಯವರು, ಉತ್ಸವ ಪುಣೆಯದು. ಹೀಗಾಗಿ ಆ ದಿನಗಳಲ್ಲಿ ಪುಣೆಯ ಕನ್ನಡಿಗನ ಎದೆ ಎರಡು ಇಂಚು ಜಾಸ್ತಿ. ಕಾಕಾ ಶಾಲು ಹೊದ್ದು, ಚಾಪೆ, ಥರ್ಮಾಸ್ ಹಿಡಿದು ಹೊರಡುತ್ತಾರೆ. ಪಕ್ಕದಲ್ಲಿ ಕೂತ ಮರಾಠಿ ಗೃಹಸ್ಥರಿಗೆ 'ಭೀಮಣ್ಣ ನಮ್ಮವರು' ಅಂತ ಹೇಳುವುದರಲ್ಲಿ ಆಲಾಪ ಮುಗಿಯುತ್ತದೆ. ಅವರು 'ಅಣ್ಣಾ ಆಮಚೇಚ್', ಅಂದರೆ ನಮ್ಮವರೇ, ಅನ್ನುವುದರಲ್ಲಿ ಬಂದಿಶ್ ಮುಗಿಯುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಭೀಮಸೇನರ ಆಲ್ಬಮ್ ಹೇಳಿಕೊಳ್ಳುವಾಗ ವೇದಿಕೆ ಮೇಲೆ ಯಾರೋ ಹಾಡುತ್ತಲೇ ಇರುತ್ತಾರೆ. ಯಾರು ಅಂತ ಮರುದಿನ ಪೇಪರ್ ನೋಡಿದರೆ ಗೊತ್ತಾಗುತ್ತದೆ.

ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ಕಾಲದಲ್ಲಿ ಇದ್ದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆ. ಒಂದು ಬದಿಯಲ್ಲಿ ಮೂರು, ಮೂರೂವರೆ ನಿಮಿಷಕ್ಕಷ್ಟೇ ಜಾಗ. ರಾತ್ರಿಯೆಲ್ಲ ಹಾಡಬಲ್ಲ ಖಾನ್‌ಸಾಹೇಬರು ಅಷ್ಟರಲ್ಲೇ ರಾಗದ ಮುಖ ತೋರಿಸಿ ಮುಗಿಸಬೇಕಿತ್ತು. ಆ ಮೂರು ನಿಮಿಷದ ಬಗ್ಗೆ ನಮ್ಮ ಕೂಟದ ಪ್ರೊಫೆಸರ್ ನಲವತ್ತು ನಿಮಿಷ ಮಾತಾಡಿದರು. ತಟ್ಟೆ ಹಾಕಲು ಹೊತ್ತಾಗಲಿಲ್ಲ.

ಮುಂಬೈನ ಕಾಲಾ ಘೋಡಾದಲ್ಲಿದ್ದ ಸಂಗೀತದ ಅಂಗಡಿ ರಿದಮ್ ಹೌಸ್ 2016ರಲ್ಲಿ ಮುಚ್ಚಿದಾಗ ಕೂಟದಲ್ಲಿ ಶೋಕಸಭೆಯೇ ನಡೆಯಿತು. ಕಾಕಾ ಕಣ್ಣು ಒರೆಸಿಕೊಂಡರು. ಕೊನೆಯ ಸಲ ಅಲ್ಲಿ ಯಾವಾಗ ಕ್ಯಾಸೆಟ್ ಕೊಂಡಿರಿ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, 'ಕೊಂಡಿಲ್ಲ, ಒಳಗ ಹೋಗಿ ಪುಕ್ಕಟೆ ಕೇಳಿ ಬರ್ತಿದ್ವಿ' ಅಂದರು. ನಿಜ ಹೇಳಬೇಕೆಂದರೆ, ನಮ್ಮ ಕೂಟದ ಇತಿಹಾಸದಲ್ಲಿ ಯಾರಾದರೂ ನಿಜವಾಗಿ ಹಾಡು ಕೇಳಿದ್ದಕ್ಕೆ ಇರುವ ಸಾಕ್ಷಿ ಇದೊಂದೇ.

ಈಗ ಕಾಕಾ ಎಲ್ಪಿ ಪ್ಲೇಯರ್ ತಂದಿದ್ದಾರೆ. ಡಿಜಿಟಲ್ ಅಂದರೆ ಜೀವ ಇಲ್ಲದ ಧ್ವನಿ, ತಟ್ಟೆಯ ಗೆರೆಯಲ್ಲಿ ಮುಳ್ಳು ಓಡಿದರೇ ಸಂಗೀತ ಅಂತ ಅವರ ವಾದ. ಒಪ್ಪೋಣ. ಆದರೆ ಪ್ಲೇಯರ್ ಒಂದು ಮೂಲೆಯಲ್ಲಿ, ಸ್ಪೀಕರ್ ಇನ್ನೊಂದು ಮೂಲೆಯಲ್ಲಿ. ನಡುವೆ ವೈರ್ ಬಂದರೆ ಕಾಕಾರ ಹೆಂಡತಿ ಕಾಕೂಗೆ ಕಸ ಹೊಡೆಯಲು ತೊಂದರೆ. ಅದಕ್ಕೇ ಬ್ಲೂಟೂತ್. ಅಂದರೆ ತಟ್ಟೆಯಿಂದ ಎದ್ದ ಅಪ್ಪಟ ಧ್ವನಿ ಸೊನ್ನೆ ಒಂದಾಗಿ, ಹಿಂಡಿಸಿಕೊಂಡು, ಗಾಳಿಯಲ್ಲಿ ಹಾರಿ, ಸೋಫಾ ದಾಟಿ ಸ್ಪೀಕರ್ ಸೇರುತ್ತದೆ. ಇದನ್ನು ಹೇಳಿದರೆ ಕಾಕಾ ಸಿಟ್ಟಾಗುತ್ತಾರೆ. 'ಮೂಲ ಶುದ್ಧ ಇದ್ರ ಸಾಕು' ಅನ್ನುತ್ತಾರೆ. ಗಂಗೆಯ ಬಗ್ಗೆಯೂ ಹಾಗೇ ಹೇಳುತ್ತಾರೆ.

ಕಳೆದ ಮಳೆಗಾಲದಲ್ಲಿ ಆ ಪ್ಲೇಯರಿನ ಮೇಲೆ ಒಂದು ಸಿತಾರಿನ ಎಲ್ಪಿ ಹಾಕಿದರು. ಕಲಾವಿದರ ಹೆಸರು ಹೇಳುವುದಿಲ್ಲ, ಅವರದೇನೂ ತಪ್ಪಿಲ್ಲ. ಎಲ್ಪಿಯ ಒಂದು ಬದಿ ಸುಮಾರು 22 ನಿಮಿಷ. ಕಾಕೂ ಅಡುಗೆಮನೆಯ ಲೆಕ್ಕವನ್ನೆಲ್ಲ ಇದರ ಮೇಲೇ ಇಟ್ಟಿದ್ದಾರೆ. ಮುಳ್ಳು ಕೂತ ಸದ್ದು ಕೇಳಿದ ಮೇಲೆ ಹಿಟ್ಟು ಕಲಸಿ, ಮೆಣಸಿನಕಾಯಿ ಸೀಳಿ, ಎಣ್ಣೆ ಇಡುತ್ತಾರೆ. ಬದಿ ಮುಗಿಯುವುದಕ್ಕೂ ಮಿರ್ಚಿ ಭಜಿ ಹೊರಗೆ ಬರುವುದಕ್ಕೂ ಸರಿಹೋಗುತ್ತದೆ.

ಅವತ್ತು ಸಿತಾರ್ ಶುರುವಾದದ್ದೇ ಎಲ್ಲರೂ ಬೆಚ್ಚಿದರು. ಆಲಾಪವೇ ಓಡುತ್ತಿತ್ತು. 'ಏನ್ ತಯಾರಿ!' ಅಂದರು ಕಾಕಾ. ಪ್ರೊಫೆಸರ್ ಕಣ್ಣು ಮುಚ್ಚಿ ರಾಗ 'ಯಮನ್' ಅಂದರು. ಸರಿಯಾಗಿಯೇ ಇತ್ತು. ವೇಗದ ತಾನ್ ಬಂದಾಗ ಹಿಂಜವಡಿ ಹುಡುಗ ಎದೆ ಹಿಡಿದುಕೊಂಡ. ತಂಬೂರಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತಿತ್ತು. ಅದಕ್ಕೆ ಅವನು 'ಬ್ರೈಟ್ ಮಾಸ್ಟರಿಂಗ್' ಅಂದ. ನಾವೆಲ್ಲ ತಲೆದೂಗಿದೆವು. ತಬಲಾದವನ ಬೆರಳು ಬೆರಳೇ ಅಲ್ಲ, ಮಳೆ ಅಂತ ನಾನು ಅಂದೆ. ಈಗ ನೆನೆಸಿಕೊಂಡರೆ ನಾಚಿಕೆ. ಎಲ್ಲರ ಅಂಕ ಕೂಡಿಸಿ ಸರಾಸರಿ ತೆಗೆದರೆ 9.1. ಕೂಟದ ದಾಖಲೆ ಅದು.

ಆಗ ಒಳಗಿನಿಂದ ಕಾಕೂ ಬಂದರು. ಕೈಯಲ್ಲಿ ಜಾಲರಿ ಸೌಟು. 'ಏನ್ರಿ, ಇಷ್ಟು ಲಗೂ ಹೆಂಗ ಮುಗೀತು? ಇಲ್ಲೆ ಇನ್ನಾ ಎಣ್ಣಿ ಕಾದಿಲ್ಲ.'

ಹುಡುಗ ಫೋನ್ ನೋಡಿದ. ಹದಿನಾರು ನಿಮಿಷ. ಕಾಕಾ ಚಷ್ಮಾ ಹಾಕಿಕೊಂಡು ಪ್ಲೇಯರಿನ ಹತ್ತಿರ ಬಗ್ಗಿದರು. ಬಗ್ಗಿದವರು ಸ್ವಲ್ಪ ಹೊತ್ತು ಏಳಲಿಲ್ಲ. ಧೂಳು ಒರೆಸುವಾಗ ಯಾರದೋ ಕೈ ತಾಗಿ ವೇಗ ಬದಲಿಸುವ ಸಣ್ಣ ಗುಬ್ಬಿ ನಿಮಿಷಕ್ಕೆ 33 ಸುತ್ತಿನಿಂದ 45ಕ್ಕೆ ಹೋಗಿತ್ತು. ತಟ್ಟೆ ಜೋರಾಗಿ ತಿರುಗಿದರೆ ಎಲ್ಲ ಸ್ವರವೂ ಒಟ್ಟಿಗೇ ಮೇಲೇರುತ್ತವೆ. ಷಡ್ಜವೂ ಜೊತೆಗೇ ಏರುವುದರಿಂದ ರಾಗ ಕೆಡುವುದಿಲ್ಲ. ಪ್ರೊಫೆಸರರ ಯಮನ್ ಬದುಕಿತು. ಉಳಿದವರ ಮಾನ ಉಳಿಯಲಿಲ್ಲ. ಹಾರ್ಮೋನಿಯಮ್ಮಿನ ಕರಿ ಮನೆಗಳ ಲೆಕ್ಕದಲ್ಲಿ ಕರಿ ಒಂದರ ಶ್ರುತಿಯ ಸಿತಾರ್ ಕರಿ ಮೂರಕ್ಕೆ ಹೋಗಿ ಕೂತರೂ ನಾವು ಐದು ಜನ ತಲೆದೂಗುತ್ತ ಕೂತಿದ್ದೆವು.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಕಾಕಾ ಗುಬ್ಬಿಯನ್ನು 33ಕ್ಕೆ ತಂದು, ಮುಳ್ಳನ್ನು ಮತ್ತೆ ಮೊದಲಿಗೆ ಇಟ್ಟರು. ನಿಜವಾದ ಆಲಾಪ ಶುರುವಾಯಿತು. ಒಂದು ಸ್ವರ, ಅದು ಕರಗುವವರೆಗೆ ಬಿಡುವು, ಮತ್ತೊಂದು ಸ್ವರ. ಚೆನ್ನಾಗಿತ್ತು ಅಂತ ನನಗೆ ಅನಿಸಿತು, ಆದರೆ ಆ ಗಳಿಗೆಯಲ್ಲಿ ನನ್ನ ಮಾತಿಗೆ ಏನು ಬೆಲೆ? ಐದು ನಿಮಿಷಕ್ಕೆ ಹುಡುಗ ಆಕಳಿಸಿದ. 'ಒಂಚೂರು ಸ್ಲೋ ಅನಸ್ತದಲ್ರಿ' ಅಂದ. ಕಾಕಾ, 'ಹೌದು, ಆಗಿನ ಆ ಕಿಡಿ ಇಲ್ಲ' ಅಂದರು. ಅಂಕ 8.2ಕ್ಕೆ ಇಳಿಯಿತು. ಶೀಟಿನಲ್ಲಿ ಈಗ ಆ ಎಲ್ಪಿಗೆ ಎರಡು ಸಾಲುಗಳಿವೆ. ಎರಡನೆಯದರ ಮುಂದೆ 'ನಿಧಾನದ ಆವೃತ್ತಿ' ಅಂತ ಬರೆದಿದೆ. ಹೊಸಬರಿಗೆ ಮೊದಲನೆಯದನ್ನೇ ಕೇಳಲು ಹೇಳುತ್ತೇವೆ. ಅವತ್ತಿನ ಭಜಿ ಮಾತ್ರ ತಡವಾದರೂ ಚೆನ್ನಾಗಿತ್ತು. ಅದಕ್ಕೆ ಯಾರೂ ಅಂಕ ಕೊಡಲಿಲ್ಲ, ತಿಂದರು.

ಆದದ್ದಾಯಿತು, ಇನ್ನು ಮುಂದೆ ಕೇಳಿಯೇ ಮಾತಾಡಬೇಕು ಅಂತ ನಾನು ಗಟ್ಟಿ ಮನಸ್ಸು ಮಾಡಿದೆ. ಅದೇ ವಾರ ಪ್ರೊಫೆಸರ್ ಮನೆಗೆ ಬಂದರು. ಬುಧವಾರ, ಭಾನುವಾರ ನೆರೆಯುವ ಜುನಾ ಬಜಾರಿನಲ್ಲಿ ಅವರಿಗೆ ಒಂದು ಹಳೇ ತಟ್ಟೆ ಸಿಕ್ಕಿತ್ತಂತೆ. ಮರಾಠಿ ಪೇಪರಿನಲ್ಲಿ ಸುತ್ತಿ ಸುತಳಿ ಕಟ್ಟಿತ್ತು. 'ಗಾಯಕಿ ಗೌಹರ್ ಜಾನ್ ಕಾಲದ್ದು, ನೂರು ವರ್ಷದ ಮ್ಯಾಲಿಂದು. ಹಾಡು ಮುಗಿದ ಮ್ಯಾಲೆ ತಮ್ಮ ಹೆಸರು ತಾವೇ ಹೇಳ್ತಿದ್ರು, ಜರ್ಮನಿಯೊಳಗ ತಟ್ಟೆ ಅಚ್ಚು ಹಾಕೋರಿಗೆ ಗೊತ್ತಾಗ್ಲಿ ಅಂತ. ಕೇಳಿ ಕೊಡ್ರಿ' ಅಂದು ಇಟ್ಟು ಹೋದರು. 78 ಸುತ್ತಿನ ಯಂತ್ರ ನನ್ನ ಹತ್ತಿರ ಎಲ್ಲಿದೆ? ಕಪಾಟಿನ ಮೇಲೆ ಇಟ್ಟೆ. ಮೂರು ವಾರ ಅದು ಅಲ್ಲೇ ಇತ್ತು.

ಒಂದು ದಿನ ಲಿಫ್ಟಿನಲ್ಲಿ ಸಿಕ್ಕಿಬಿಟ್ಟರು.

'ಕೇಳಿದ್ರೇನ್ರಿ?'

'ಕೇಳದೇ ಬಿಡ್ತೀನಾ ಸರ್?' ಅಂದೆ. ಬಾಯಿಗೆ ಹಳೇ ಚಾಳಿ ಬಂತು. 'ಎರಡನೇ ಬದಿ ಮೊದಲನೇದಕ್ಕಿಂತ ಗಟ್ಟಿ.'

ಪ್ರೊಫೆಸರ್ ಕಣ್ಣು ಮುಚ್ಚಿ ನಿಧಾನವಾಗಿ ತಲೆಯಾಡಿಸಿದರು. 'ನನಗೂ ಹಂಗs ಅನಿಸ್ತು ನೋಡ್ರಿ.'

ವಾಪಸ್ ಕೊಡಬೇಕಲ್ಲ ಅಂತ ಸಂಜೆ ತಟ್ಟೆಯನ್ನು ಕೆಳಗಿಳಿಸಿದೆ. ಸುತಳಿಯ ಗಂಟು ಬಜಾರಿನವನು ಹಾಕಿದ್ದು, ಬಿಚ್ಚಲು ಹಲ್ಲು ಹಚ್ಚಬೇಕಾಯಿತು. ಪೇಪರ್ ತೆಗೆದೆ. ಒಂದು ಬದಿಯಲ್ಲಿ ಗೆರೆಗಳಿದ್ದವು, ನಡುವೆ ಮಾಸಿದ ಲೇಬಲ್. ಇನ್ನೊಂದು ಬದಿ ಪೂರ್ತಿ ಬೋಳು. ಮೊದಲ ಮೊದಲ ವರ್ಷಗಳಲ್ಲಿ ಒಂದೇ ಬದಿಗೆ ಹಾಡು ಅಚ್ಚು ಹಾಕುತ್ತಿದ್ದರಂತೆ.

ಹುಡುಗನಿಗೆ ಫೋನ್ ಮಾಡಿ, ಆ ತಟ್ಟೆಯನ್ನು ಶೀಟಿಗೆ ಹಾಕಬೇಡಪ್ಪಾ ಅಂದೆ. ಪ್ರೊಫೆಸರ್ ಮಧ್ಯಾಹ್ನವೇ ಹೇಳಿ ಹಾಕಿಸಿಬಿಟ್ಟಿದ್ದರು. ಮೊದಲ ಬದಿ 8.4, ಎರಡನೇ ಬದಿ 8.9.