ಮೇನ್ ಫಂಕ್ಷನ್ ಎಲ್ಲಿ ಹೋಯಿತು?

ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆಯಲು ಕಲಿಯುತ್ತಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಇಷ್ಟೊಂದು ಕ್ಲಾಸ್‌ಗಳನ್ನ ಹೇಗೆ ನೆನಪಿಟ್ಟುಕೊಳ್ಳೋದು?" ನೆನಪಿಟ್ಟುಕೊಳ್ಳಲು ಹೋಗಲೇಬೇಡಿ. ಯಾರು ಯಾರನ್ನು ಕರೆಯುತ್ತಾರೆ ಅನ್ನೋದನ್ನ ಮೊದಲು ಹಿಡಿಯಿರಿ.

ನಾನು ಕಲಿತದ್ದು ಎಂಎಫ್‌ಸಿ (ಮೈಕ್ರೋಸಾಫ್ಟ್ ಫೌಂಡೇಶನ್ ಕ್ಲಾಸಸ್). 1992ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಸಿ++ ಕ್ಲಾಸ್ ಲೈಬ್ರರಿ. ಅದಕ್ಕೂ ಮುಂಚೆ ನನಗೆ ಗೊತ್ತಿದ್ದದ್ದು ಬರೀ ಸಿ. ಅಲ್ಲಿ ಮೇನ್‌ನಿಂದ ಶುರು, ಕೊನೆಯ ಸಾಲಿಗೆ ಮುಕ್ತಾಯ. ಎಂಎಫ್‌ಸಿಯಲ್ಲಿ ಆರಂಭದ ಕೋಡನ್ನು ತಾನೇ ಬರೆದುಕೊಡುವ ವಿಜಾರ್ಡ್ ಒಂದಷ್ಟು ಫೈಲ್ ಸೃಷ್ಟಿಸಿ ಕೊಟ್ಟಿತು. ರನ್ ಮಾಡಿದರೆ ಮೆನು, ಟೂಲ್‌ಬಾರ್ ಸಮೇತ ವಿಂಡೋ ಬಂತು. ಆದರೆ ಮೇನ್ ಆಗಲಿ, ವಿಂಡೋಸ್ ಪ್ರೋಗ್ರಾಂಗಳಲ್ಲಿ ಅದರ ಜಾಗದಲ್ಲಿರುವ ವಿನ್‌ಮೇನ್ ಆಗಲಿ ಯಾವ ಫೈಲ್‌ನಲ್ಲೂ ಇಲ್ಲ! ವಾರಗಟ್ಟಲೆ ವಿಜಾರ್ಡ್ "ಇಲ್ಲಿ ಬರೆಯಿರಿ" ಎಂದ ಕಡೆಯಲ್ಲೆಲ್ಲ ಬರೆದೆ. ಪ್ರೋಗ್ರಾಂ ಓಡುತ್ತಿತ್ತು, ಯಾಕೆ ಓಡುತ್ತಿದೆ ಅನ್ನೋದು ಗೊತ್ತಿರಲಿಲ್ಲ.

ಒಂದು ದಿನ ವಿಜಾರ್ಡ್ ಕೊಟ್ಟಿದ್ದ ಇನಿಟ್‌ಇನ್‌ಸ್ಟನ್ಸ್ ಫಂಕ್ಷನ್‌ನಲ್ಲಿ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಗುರುತು) ಇಟ್ಟು ಕಾಲ್ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ, ಕರೆದದ್ದು ಕೆಳಗೆ) ತೆರೆದು ನೋಡಿದೆ. ನನ್ನ ಫಂಕ್ಷನ್‌ನ ಕೆಳಗೇ ಆಫೆಕ್ಸ್‌ವಿನ್‌ಮೇನ್, ಅದರ ಕೆಳಗೆ ವಿನ್‌ಮೇನ್. ಲೈಬ್ರರಿಯ ಒಳಗೇ ಕೂತಿತ್ತು! ಅಪ್ಲಿಕೇಶನ್ ಫೈಲ್‌ನಲ್ಲಿ ದಿಆ್ಯಪ್ ಅಂತ ಒಂದು ಗ್ಲೋಬಲ್ ಆಬ್ಜೆಕ್ಟ್ ಇರುತ್ತದೆ. ವಿನ್‌ಮೇನ್ ಶುರುವಾಗುವ ಮೊದಲೇ ಅದರ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟನ್ನು ಸಿದ್ಧಪಡಿಸುವ ಫಂಕ್ಷನ್) ಓಡಿರುತ್ತದೆ. ಲೈಬ್ರರಿ ಆ ಆಬ್ಜೆಕ್ಟನ್ನು ಹಿಡಿದು ಮೊದಲು ಇನಿಟ್‌ಇನ್‌ಸ್ಟನ್ಸ್ ಕರೆಯುತ್ತದೆ, ಆಮೇಲೆ ರನ್. ಮೌಸ್, ಕೀಬೋರ್ಡ್ ಮುಂತಾದವುಗಳ ಸೂಚನೆಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಮೆಸೇಜ್ ಲೂಪ್ ಸುತ್ತುವುದು ಆ ರನ್ ಒಳಗೆ. ಅಂದರೆ ನಾನು ಲೈಬ್ರರಿಯನ್ನು ಕರೆಯುತ್ತಿರಲಿಲ್ಲ, ಅದು ನನ್ನನ್ನು ಕರೆಯುತ್ತಿತ್ತು. ವರ್ಚುವಲ್ ಫಂಕ್ಷನ್ (ಲೈಬ್ರರಿ ಕರೆಯುವ, ಒಳಗಿನ ಕೋಡನ್ನು ನಾವು ಬದಲಿಸಬಹುದಾದ ಫಂಕ್ಷನ್) ಯಾಕೆ ಬೇಕು ಅನ್ನೋದು ನನಗೆ ನಿಜವಾಗಿ ಅರ್ಥವಾದದ್ದು ಆವತ್ತು. ಪಾಠಗಳಲ್ಲಿ ಕೊಡುವ ಪ್ರಾಣಿ, ನಾಯಿ, ಬೆಕ್ಕು ಕ್ಲಾಸ್‌ಗಳ ಉದಾಹರಣೆಯಿಂದ ಅದು ಆಗಿರಲಿಲ್ಲ.

ಎರಡನೇ ಪಾಠ ಒಂದು ಗೆರೆಯಿಂದ ಬಂತು. ಮೌಸ್ ಒತ್ತಿದ ಕಡೆ ಗೆರೆ ಎಳೆಯುವ ಕೋಡನ್ನು ಮೌಸ್ ಹ್ಯಾಂಡ್ಲರ್‌ನಲ್ಲೇ ಬರೆದೆ. ಗೆರೆ ಚೆನ್ನಾಗಿ ಬಂತು. ಬೇರೊಂದು ವಿಂಡೋ ಅದರ ಮೇಲೆ ಬಂದು ಸರಿದದ್ದೇ ತಡ, ಗೆರೆ ಮಾಯ. ಅವತ್ತಿನ ವಿಂಡೋಸ್‌ನಲ್ಲಿ ಮುಚ್ಚಿಹೋದ ಭಾಗದ ಚಿತ್ರವನ್ನು ಯಾರೂ ಕಾದಿಡುತ್ತಿರಲಿಲ್ಲ. ಮತ್ತೆ ಬರೆ ಎಂದು ಪೇಂಟ್ ಮೆಸೇಜ್ ಬರುತ್ತಿತ್ತು, ಆಗ ಚಿತ್ರ ಬರೆಯಬೇಕಾದ ನನ್ನ ಆನ್‌ಡ್ರಾ ಫಂಕ್ಷನ್ ಖಾಲಿ ಇತ್ತು. ಬಿಂದುಗಳನ್ನು ಮಾಹಿತಿ ಇಡುವ ಡಾಕ್ಯುಮೆಂಟ್ ಕ್ಲಾಸ್‌ನಲ್ಲಿ ಇಟ್ಟೆ, ಮೌಸ್ ಒತ್ತಿದಾಗ ಇನ್‌ವ್ಯಾಲಿಡೇಟ್ (ಮತ್ತೆ ಬರೆಯಬೇಕು ಎಂದು ತಿಳಿಸುವ ಫಂಕ್ಷನ್) ಮಾತ್ರ ಕರೆದೆ, ಗೆರೆ ಎಳೆಯುವ ಕೆಲಸವನ್ನೆಲ್ಲ ಆನ್‌ಡ್ರಾಗೆ ಬಿಟ್ಟೆ. ಗೆರೆ ನಿಂತಿತು. ಆಮೇಲೆ ಪ್ರಿಂಟ್ ಪ್ರಿವ್ಯೂ ಒತ್ತಿದರೆ ಅಲ್ಲೂ ಅದೇ ಗೆರೆ! ಅದಕ್ಕಾಗಿ ನಾನು ಒಂದು ಸಾಲೂ ಬರೆದಿರಲಿಲ್ಲ. ಮುದ್ರಣಕ್ಕೂ ಲೈಬ್ರರಿ ಕರೆಯುವುದು ಅದೇ ಆನ್‌ಡ್ರಾವನ್ನು. ಡಾಕ್ಯುಮೆಂಟ್ ಬೇರೆ, ಅದನ್ನು ತೋರಿಸುವ ವ್ಯೂ ಬೇರೆ ಯಾಕೆ ಅಂತ ಆಮೇಲೆ ನಾನು ಯಾರನ್ನೂ ಕೇಳಲಿಲ್ಲ.

(ಎಂಎಫ್‌ಸಿಯಲ್ಲಿ ಯಾವ ಮೆಸೇಜ್‌ಗೆ ಯಾವ ಫಂಕ್ಷನ್ ಎಂದು ಹೇಳುವ ಪಟ್ಟಿಯೇ ಮೆಸೇಜ್ ಮ್ಯಾಪ್. ಅದರ ಮ್ಯಾಕ್ರೋಗಳನ್ನು ಬೈಯುವವರಿಗೆ ಒಂದು ಮಾತು. ನೂರಾರು ಮೆಸೇಜ್‌ಗಳಿಗೂ ಒಂದೊಂದು ವರ್ಚುವಲ್ ಫಂಕ್ಷನ್ ಇಟ್ಟಿದ್ದರೆ ಪ್ರತಿ ಕ್ಲಾಸೂ ಅಷ್ಟುದ್ದದ ವಿ-ಟೇಬಲ್, ಅಂದರೆ ವರ್ಚುವಲ್ ಫಂಕ್ಷನ್‌ಗಳ ವಿಳಾಸಪಟ್ಟಿ, ಹೊತ್ತು ತಿರುಗಬೇಕಿತ್ತು.)

ಮುಂದೆ ಕ್ಯೂಟಿ ಎಂಬ ಇನ್ನೊಂದು ಸಿ++ ಲೈಬ್ರರಿಗೆ ಬಂದಾಗ ಕ್ಲಾಸ್‌ಗಳ ಹೆಸರೆಲ್ಲ ಹೊಸದು. ಮೆಸೇಜ್ ಮ್ಯಾಪ್ ಜಾಗದಲ್ಲಿ ಸಿಗ್ನಲ್, ಸ್ಲಾಟ್ (ಒಂದು ಆಬ್ಜೆಕ್ಟ್ ಸೂಚನೆ ಕೊಟ್ಟರೆ ಅದಕ್ಕೆ ಜೋಡಿಸಿದ ಫಂಕ್ಷನ್ ಓಡುತ್ತದೆ). ಅಪ್ಪ ಆಬ್ಜೆಕ್ಟ್ ಹೋದರೆ ಮಕ್ಕಳನ್ನೂ ತಾನೇ ಡಿಲೀಟ್ ಮಾಡುವ ಏರ್ಪಾಡು. ಆದರೂ ಅಲ್ಲಿನ ಎಕ್ಸೆಕ್ ಫಂಕ್ಷನ್ ಒಳಗೆ ಸುತ್ತುತ್ತಿದ್ದದ್ದು ಅಂಥದ್ದೇ ಲೂಪ್, ಪೇಂಟ್‌ಇವೆಂಟ್ ಮಾಡುತ್ತಿದ್ದದ್ದು ಆನ್‌ಡ್ರಾ ಮಾಡುತ್ತಿದ್ದ ಕೆಲಸವನ್ನೇ. ಒಂದು ವಾರದಲ್ಲಿ ಕೈ ಕುದುರಿತು.

ಅದಕ್ಕೇ ವಿಜಾರ್ಡ್‌ನಿಂದ ಪಾಠ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಬರೀ ಸಿ ಮತ್ತು ವಿಂಡೋಸ್ ಎಪಿಐ (ವಿಂಡೋಸ್ ತಾನೇ ಕೊಡುವ ಫಂಕ್ಷನ್‌ಗಳು) ಬಳಸಿ ಒಂದು ಖಾಲಿ ವಿಂಡೋ ತೆರೆಯಿರಿ. ವಿಂಡೋ ಕ್ಲಾಸ್ (ಇದು ಸಿ++ ಕ್ಲಾಸ್ ಅಲ್ಲ) ರಿಜಿಸ್ಟರ್ ಮಾಡಿ, ವಿಂಡೋ ಸೃಷ್ಟಿಸಿ, ಗೆಟ್‌ಮೆಸೇಜ್ ಲೂಪನ್ನು ಕೈಯಾರೆ ಬರೆಯಿರಿ. ಆಮೇಲೆ ಅದೇ ವಿಂಡೋವನ್ನು ಲೈಬ್ರರಿಯಲ್ಲಿ ಮಾಡಿ, ಬ್ರೇಕ್‌ಪಾಯಿಂಟ್ ಇಟ್ಟು, ನೀವು ಬರೆದ ಆ ಲೂಪ್ ಅಲ್ಲಿ ಯಾವ ಫೈಲ್‌ನಲ್ಲಿದೆ ಅಂತ ಹುಡುಕಿ.