ಆಯಿ ಕೈಗೆ ಗೊಂಬೆ ಕೊಟ್ಟರೆ ಯಾರ ಮರ್ಯಾದೆ ಹೋಗುತ್ತದೆ?

ಡಿಮೆನ್ಶಿಯಾ, ಅಂದರೆ ನೆನಪು, ತಿಳಿವಳಿಕೆ ಕುಂದುತ್ತ ಹೋಗುವ ಕಾಯಿಲೆ, ತೀರಾ ಮುಂದುವರಿದವರ ಕೈಗೆ ಗೊಂಬೆ ಕೊಡುವುದು ಅವರಿಗೆ ಮಾಡುವ ಅವಮಾನ ಅಂತ ನಮ್ಮ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಗೊಂಬೆಯಿಂದ ಯಾರೂ ಸಣ್ಣವರಾಗುವುದಿಲ್ಲ, ಸುತ್ತ ನಿಂತು ನಾವು ಕಿಸಿಕಿಸಿ ನಗುತ್ತೇವಲ್ಲ, ಅದರಿಂದ ಆಗುತ್ತಾರೆ.

ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಆಲ್ಜೈಮರ್, ಡಿಮೆನ್ಶಿಯಾದಲ್ಲೇ ಒಂದು ಬಗೆ. ಈಗ ಯಾರ ಹೆಸರೂ ನೆನಪಿಲ್ಲ, ಹಗಲು ರಾತ್ರಿಯ ಲೆಕ್ಕವೂ ಇಲ್ಲ. ಸಂಜೆಯಾದರೆ ಸಾಕು, ಬಾಗಿಲ ಚಿಲಕ ಜಗ್ಗುತ್ತಾಳೆ. "ಬಿಡ್ರಿ ನನಗ, ಮನಿಗಿ ಹೋಗ್ತೀನಿ, ಕೂಸು ಅಳ್ಲಾಕತ್ತದ" ಅಂತ ಒಂದೇ ಸಮ. ಈ ಕಾಯಿಲೆ ಇರುವ ಬಹಳ ಮಂದಿಗೆ ಸಂಜೆ ಹೊತ್ತಿಗೇ ಗಾಬರಿ ಜಾಸ್ತಿ. ಕೂಸು ಎಲ್ಲಿದೆ ಆಯಿ, ನಿನ್ನ ಮಗನಿಗೇ ಮೊಮ್ಮಕ್ಕಳಾಗಿವೆ ಅಂತ ತಿಳಿಸಿ ಹೇಳಿದರೆ ಏನೂ ಉಪಯೋಗ ಇಲ್ಲ, ಇನ್ನೂ ಜೋರಾಗಿ ಅಳುತ್ತಾಳೆ.

ಪರಿಚಯದ ನರ್ಸ್ ಒಬ್ಬರು ಬಟ್ಟೆ ಗೊಂಬೆ ಕೊಟ್ಟು ನೋಡಿ ಅಂದರು. ಅವ್ವ ಕೌದಿಗೆ ಅಂತ ಎತ್ತಿಟ್ಟಿದ್ದ ಹಳೆ ಸೀರೆ ತುಂಡುಗಳಲ್ಲೇ ಒಂದು ಹೊಲಿದಳು. ಕೈಗೆ ಕೊಡಲಿಲ್ಲ, ಮಂಚದ ಒಂದು ಮೂಲೆಗೆ ಸುಮ್ನೆ ಇಟ್ಟಳು. ಆಯಿ ಸುಮಾರು ಹೊತ್ತು ಅದನ್ನೇ ನೋಡಿದಳು. ಆಮೇಲೆ ಎತ್ತಿಕೊಂಡ ರೀತಿ ನೋಡಬೇಕಿತ್ತು. ಮೊದಲು ಕತ್ತಿನ ಕೆಳಗೆ ಅಂಗೈ, ತಲೆ ಮೊಣಕೈ ಮಡಿಲಿಗೆ, ಸೆರಗು ಸುತ್ತಿ, ಕುಂಡೆ ಒದ್ದೆಯಾಗಿದೆಯಾ ಅಂತ ಮುಟ್ಟಿ ನೋಡಿ, ಬೆನ್ನು ತಟ್ಟಲು ಶುರು. ನಮ್ಮ ಓಣಿಯ ಎಷ್ಟೋ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದ ಕೈ ಅದು. ಹೆಸರು ಮರೆತರೂ ಕೈಗೆ ಕಲಿತದ್ದು ಅಷ್ಟು ಬೇಗ ಮರೆಯುವುದಿಲ್ಲ. ಮಾಡಿ ಮಾಡಿ ರೂಢಿಯಾದ ಕೆಲಸದ ನೆನಪು ಈ ಕಾಯಿಲೆಯಲ್ಲಿ ಬೇರೆ ನೆನಪುಗಳಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಕಾಕಾ ಬೀದರ್‌ನಿಂದ ಬಂದವರು ಅದನ್ನು ನೋಡಿ ಕೆಂಡವಾದರು. "ಇಷ್ಟು ದೊಡ್ಡ ಮನಿ ನಡಿಸಿದಾಕಿ, ಆಕಿ ಕೈಯಾಗ ಗೊಂಬಿ ಕೊಟ್ಟೀರಿ? ಮಂದಿ ಏನ್ ಅಂದಾರು?" ಅವರ ಸಂಕಟ ಸುಳ್ಳಲ್ಲ. ಬ್ರಿಟನ್ನಿನ ಟಾಮ್ ಕಿಟ್‌ವುಡ್ ಅನ್ನೋ ಮನಃಶಾಸ್ತ್ರಜ್ಞ 1997ರಲ್ಲಿ ಬರೆದ ಪುಸ್ತಕದಲ್ಲಿ, ಡಿಮೆನ್ಶಿಯಾ ಇರುವವರನ್ನು ಮಗುವಿನ ಹಾಗೆ ನಡೆಸಿಕೊಳ್ಳುವುದು ಅವರ ವ್ಯಕ್ತಿತ್ವವನ್ನೇ ತುಳಿದ ಹಾಗೆ ಅಂತ ಖಡಕ್ಕಾಗಿ ಹೇಳಿದ್ದಾರೆ. ಒಪ್ಪುತ್ತೇನೆ. ಆದರೆ ಇಲ್ಲಿ ಆಯಿ ಮಗು ಆಗಿಲ್ಲ ಕಾಕಾ, ತಾಯಿ ಆಗಿದ್ದಾಳೆ. ಇಡೀ ದಿನ ಬೇರೆಯವರು ಉಣಿಸಬೇಕು, ತೊಳೆಯಬೇಕು, ಎಬ್ಬಿಸಬೇಕು. ಗೊಂಬೆ ಹಿಡಿದ ಹೊತ್ತಲ್ಲಿ ಮಾತ್ರ ತಾನೇ ಒಬ್ಬರನ್ನು ನೋಡಿಕೊಳ್ಳುತ್ತಿದ್ದಾಳೆ. ಅದನ್ನೂ ಕಿತ್ತುಕೊಳ್ಳಬೇಕಾ?

ಇನ್ನು ಮಾತ್ರೆ ವಿಷಯ. ಗಲಾಟೆ ಮಾಡ್ತಾರೆ, ನಿದ್ದೆ ಮಾತ್ರೆ ಬರೆಸಿಬಿಡಿ ಅಂತ ನಮಗೂ ಸುಮಾರು ಜನ ಹೇಳಿದರು. ಇಂಥ ಗಲಾಟೆಗೆ ಕೆಲವೊಮ್ಮೆ ಬರೆಯುವ, ಮನೋರೋಗಕ್ಕೆ ಕೊಡುವ ಆಂಟಿಸೈಕೋಟಿಕ್ ಮಾತ್ರೆಗಳು ಡಿಮೆನ್ಶಿಯಾ ಇರುವ ವಯಸ್ಸಾದವರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಕೆಲವರಿಗೆ ಅವು ಬೇಕೇ ಬೇಕಾಗಬಹುದು, ಅದನ್ನು ಡಾಕ್ಟರ್ ಹೇಳಲಿ, ನಾವು ನೀವಲ್ಲ. ಆದರೆ ಅದಕ್ಕೂ ಮೊದಲು ಚಿಂದಿ ಬಟ್ಟೆಯ ಗೊಂಬೆಯೊಂದನ್ನು ಕೊಟ್ಟು ನೋಡುವುದರಲ್ಲಿ ಕಳೆದುಕೊಳ್ಳುವುದೇನು?

ಜಪಾನಿನವರು ಇದಕ್ಕೇ ಪಾರೋ ಅಂತ ಒಂದು ರೋಬೋ ಮಾಡಿದ್ದಾರೆ, ಬಿಳಿ ತುಪ್ಪಳದ ಸೀಲ್ ಮರಿ. ತಕನೋರಿ ಶಿಬಾತಾ 1993ರಲ್ಲಿ ಆ ಕೆಲಸ ಶುರು ಮಾಡಿದ್ದು, 2009ರಲ್ಲಿ ಎಫ್‌ಡಿಎ ಅದನ್ನು ವೈದ್ಯಕೀಯ ಸಾಧನ ಅಂತ ಒಪ್ಪಿತು. ಬೆಲೆ ಸುಮಾರು 6,000 ಡಾಲರ್! ನಮ್ಮ ಮೇ ತಿಂಗಳ ಬಿಸಿಲಲ್ಲಿ ಆ ತುಪ್ಪಳವನ್ನು ಯಾರು ತಬ್ಬಿಕೊಂಡಾರು, ಅದು ಬೇರೆ ಮಾತು. ಕಲಬುರಗಿಗೆ ಕಾಟನ್ ಗೊಂಬೆಯೇ ಸರಿ, ಒಗೆದು ಹಾಕಿದರೆ ಬೇಗ ಒಣಗುತ್ತದೆ.

ಹಾಗಂತ ಇದು ಎಲ್ಲರಿಗೂ ಆಗಿಬರುವಂಥದ್ದಲ್ಲ. ಇದರ ಮೇಲೆ ಆಗಿರುವ ಅಧ್ಯಯನಗಳೂ ಸಣ್ಣ ಸಣ್ಣವೇ. ಕೆಲವರಲ್ಲಿ ಗಾಬರಿ, ಅಲೆದಾಟ ಕಡಿಮೆಯಾಗಿದೆ, ಕೆಲವರಲ್ಲಿ ಏನೂ ಆಗಿಲ್ಲ. ಕಾಯಿಲೆ ಈಗಷ್ಟೇ ಶುರುವಾಗಿರುವವರ ಕೈಗೆ ಗೊಂಬೆ ತುರುಕಿದರೆ ಅವರು ಬೈಯದೆ ಬಿಡುವುದಿಲ್ಲ, ಬೈಯಲೂ ಬೇಕು. ಕೂಸು ಕಳೆದುಕೊಂಡ ತಾಯಂದಿರಿಗೆ ಹಳೆಯ ದುಃಖ ಕೆದಕಿದ ಹಾಗೂ ಆಗಬಹುದು, ಅಂಥವರಿಗೆ ಕೊಡುವ ಮುಂಚೆ ಸರಿಯಾಗಿ ಯೋಚಿಸಿ. ಅಳುವ ಗೊಂಬೆ ಬೇಡ, ಸಮಾಧಾನ ಮಾಡಲಾಗದೆ ಅವರೇ ಕಂಗಾಲಾಗುತ್ತಾರೆ. ಕಣ್ಣು ಮುಚ್ಚಿದ ಗೊಂಬೆಯೂ ಬೇಡ, ಕೂಸು ಸತ್ತಿದೆ ಅಂದುಕೊಂಡು ಹೆದರುವವರಿದ್ದಾರೆ. ಮತ್ತೆ ಕೇಳದೆ ಕಸಿದುಕೊಳ್ಳಬೇಡಿ, ಅಂಗಳದಲ್ಲಿ ಹಗ್ಗಕ್ಕೆ ಕಾಲು ಕಟ್ಟಿ ತಲೆಕೆಳಗಾಗಿ ಒಣಹಾಕಲೂ ಬೇಡಿ. ನಮ್ಮ ಮನೆಯಲ್ಲಿ ಆಯಿ ನಿದ್ದೆ ಮಾಡಿದಾಗಲೇ ಒಗೆಯುವುದು.

ಊಟದ್ದೊಂದು ತಾಪತ್ರಯ ಇದೆ. ಕೂಸು ಉಣ್ಣದೆ ತಾನು ಉಣ್ಣುವುದಿಲ್ಲ. ರೊಟ್ಟಿ ನುರಿದು ಹಾಲಿಗೆ ಹಾಕಿ ಗೊಂಬೆಯ ಬಾಯಿಗೆ ಮೆತ್ತಿರುತ್ತಾಳೆ. ಈಗ ಅವ್ವ ಗೊಂಬೆಯನ್ನು ಪಕ್ಕದಲ್ಲಿ ಮಲಗಿಸಿ, "ಕೂಸು ಮಲಗ್ಯದ ಆಯಿ, ಏಳೋದ್ರೊಳಗ ನೀ ಉಣ್ಣು" ಅಂತಾಳೆ. ತಕ್ಷಣ ಲಗುಲಗು ಉಣ್ಣುತ್ತಾಳೆ, ಹಡೆದ ಮನೆಯ ಹೆಂಗಸರೆಲ್ಲ ಉಣ್ಣುವ ಹಾಗೆ. ಇದು ಸುಳ್ಳಲ್ವಾ ಅಂತ ಕೇಳುವವರಿಗೆ ಹೇಳುವುದಿಷ್ಟೇ, ಗೊಂಬೆಯನ್ನು ಕೂಸು ಅಂದದ್ದು ಮೊದಲು ಆಯಿ. ನಾವು ಆಕೆಯ ಮಾತು ಒಡೆಯುತ್ತಿಲ್ಲ, ಅಷ್ಟೇ.

ನನಗೆ ನಿಜವಾಗಿ ಸಿಟ್ಟು ಬರುವುದು ಮೊಬೈಲ್ ಹಿಡಿದು ಬರುವವರ ಮೇಲೆ. ಆಯಿ ಜೋಗುಳ ಹಾಡುವುದನ್ನು ವಿಡಿಯೊ ಮಾಡಿ, ಕೆಳಗೆ ನಗುವ ಎಮೋಜಿ ಹಾಕಿ ಸ್ಟೇಟಸ್ ಇಟ್ಟವರು ನಮ್ಮ ನೆಂಟರಲ್ಲೇ ಇದ್ದಾರೆ. ಗೊಂಬೆ ಕೊಟ್ಟರೆ ಮರ್ಯಾದೆ ಹೋಗುತ್ತದೆ ಅಂದವರ ಫೋನಿನಲ್ಲೂ ಅದೇ ವಿಡಿಯೊ ಇತ್ತು. ಡಿಲೀಟ್ ಮಾಡಿಸಿದೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಬಂದ ಒಂದು ದೊಡ್ಡ ಅಂದಾಜು ಹೇಳುತ್ತದೆ, ನೂರಕ್ಕೆ ಏಳಕ್ಕಿಂತ ಜಾಸ್ತಿ. ಅಂದರೆ ಪ್ರತಿ ಓಣಿಯಲ್ಲೂ ಒಬ್ಬರಾದರೂ ಇದ್ದಾರು, "ಅರವತ್ತಕ್ಕೆ ಅರಳು ಮರಳು" ಅಂತ ಒಳಕೋಣೆಯಲ್ಲಿ ಕೂರಿಸಿರುತ್ತೇವೆ. ಯಾರಿಗೆ ಕೇಳಬೇಕು ಗೊತ್ತಾಗದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ.

ಗಂಡಸರು ಗೊಂಬೆ ಹಿಡಿಯುವುದೇ ಇಲ್ಲ ಅಂತೇನಿಲ್ಲ, ಹಿಡಿಯುವವರೂ ಇದ್ದಾರೆ. ಆದರೆ ನಮ್ಮ ಓಣಿಯ ಒಬ್ಬ ಮುತ್ಯಾಗೆ ಗೊಂಬೆ ಬೇಡವೇ ಬೇಡ, ಮೊರದಲ್ಲಿ ತೊಗರಿ ಹಾಕಿಕೊಟ್ಟರೆ ಕಲ್ಲು ಆರಿಸುತ್ತ ಕೂರುತ್ತಾರೆ. ಆರಿಸಿದ್ದನ್ನೇ ಸೊಸೆ ಮರುದಿನ ಮತ್ತೆ ಕಲಸಿ ಕೊಡುತ್ತಾಳೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಅವರ ಕೈಗೆ ಏನು ಕೊಟ್ಟಿದ್ದೀರಿ, ಕೆಳಗೆ ಬರೆಯಿರಿ. ಫೋಟೊ ಮಾತ್ರ ಹಾಕಬೇಡಿ.